ಹತ್ತನೆಯ ಮನೆಯ ಚುಕ್ಕಿ

ಬೆಳಿಗ್ಗೆ ಏಳೂವರೆಗೆ ಬೀದಿಯ ತುದಿಯ ಸಾಮಿಲ್ಲಿನಲ್ಲಿ ಗರಗಸ ತಿರುಗತೊಡಗುತ್ತದೆ. ಮೊದಲು ಗೊರಗೊರ, ಮರ ತಾಗಿದೊಡನೆ ಕಿವಿ ಕೊರೆಯುವ ಕೀರಲು. ಬೀದಿಯವರಿಗೆ ಅದು ಕೇಳಿ ಕೇಳಿ ಕೇಳದಂತಾಗಿದೆ. ಗಿಟಾರ್ ಮೇಸ್ತ್ರಿ ಮಾತ್ರ ಹಲ್ಲುಜ್ಜುವುದನ್ನು ನಿಲ್ಲಿಸಿ, "ಹಸಿ ಮರ. ಇನ್ನೂ ನೀರು ಆರಿಲ್ಲ" ಎನ್ನುತ್ತಾರೆ. ಒಳಗಿನಿಂದ ಅವರ ಅಕ್ಕ, "ಮರದ ಯೋಗಕ್ಷೇಮ ವಿಚಾರಿಸಿದ್ದು ಸಾಕು, ಬಾಯಿ ತೊಳ್ಕೊಂಡು ಬಾ" ಎಂದು ಕೂಗುತ್ತಾರೆ.

ಮೇಸ್ತ್ರಿಗೆ ಐವತ್ತೆರಡು ವರ್ಷ. ಮದುವೆಯಾಗಿಲ್ಲ. ಮನೆಯ ಮುಂದಿನ ಕೋಣೆಯೇ ಅವರ ಕಾರ್ಖಾನೆ. ಕಿಟಕಿಯ ಕೆಳಗೆ ಉದ್ದನೆಯ ಮೇಜು, ಗೋಡೆಯ ಮೇಲೆ ಸಾಲಾಗಿ ಉಳಿ, ಅರ, ಇಕ್ಕಳ. ಮೂಲೆಯಲ್ಲಿ ಒಣಗಲು ನಿಲ್ಲಿಸಿದ ಹಲಗೆಗಳು, ಪ್ರತಿಯೊಂದರ ಮೇಲೂ ಪೆನ್ಸಿಲಿನಲ್ಲಿ ಬರೆದ ವರ್ಷ. ಅವರು ಮಾಡುವುದು ಎಲೆಕ್ಟ್ರಿಕ್ ಗಿಟಾರ್. ಅದರ ಹೊಟ್ಟೆ ಟೊಳ್ಳಲ್ಲ, ಗಟ್ಟಿ ಮರ. ತಂತಿಗಳ ಕೆಳಗೆ ಅಯಸ್ಕಾಂತವಿಟ್ಟು, ಅದಕ್ಕೆ ಕೂದಲಿಗಿಂತ ಸಣ್ಣ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಸದ್ದು ಅಲ್ಲಿಂದ ಸ್ಪೀಕರಿಗೆ ಹೋಗುತ್ತದೆ. "ಕರೆಂಟ್ ಹೋದ್ರೆ ನಿನ್ನ ವಾದ್ಯದ ಮೇಲೆ ತರಕಾರಿ ಹೆಚ್ಚಬಹುದು" ಎಂಬುದು ಅಕ್ಕನ ಹಳೆಯ ತಮಾಷೆ.

ಇಪ್ಪತ್ತೈದು ವರ್ಷಗಳಲ್ಲಿ ಅರವತ್ತೊಂದು ಗಿಟಾರ್. ಯಾರಾದರೂ ಕೇಳಿಕೊಂಡು ಬಂದರೆ ಮೇಸ್ತ್ರಿ ಮೊದಲು ಕುರ್ಚಿ ಕೊಟ್ಟು ಕೂರಿಸುತ್ತಾರೆ, ಚಹಾ ಕೊಡುತ್ತಾರೆ, ಲೋಟ ಹಿಡಿದ ಬೆರಳುಗಳನ್ನು ನೋಡುತ್ತಾರೆ. ಆಮೇಲೆ ಕಾಗದದ ಮೇಲೆ ಅಂಗೈ ಊರಿಸಿ ಸುತ್ತ ಗೆರೆ ಎಳೆದುಕೊಳ್ಳುತ್ತಾರೆ. ಗಿಟಾರಿನ ಕತ್ತು ಎಷ್ಟು ದಪ್ಪವಿರಬೇಕು, ಎಲ್ಲಿ ಇಳಿಯಬೇಕು ಎಂಬುದು ಆ ಗೆರೆಯಿಂದಲೇ ತೀರ್ಮಾನ. ಅವಸರ ಮಾಡಿದವರಿಗೆ, "ಅಂಗಡಿಯಲ್ಲಿ ಸಿದ್ಧವಾಗಿರೋದು ಸಿಗುತ್ತೆ, ಹೋಗಿ ತಗೊಳ್ಳಿ" ಎಂದು ನಯವಾಗಿಯೇ ಹೇಳುತ್ತಾರೆ.

ಮೊದಲನೆಯ ಗಿಟಾರ್ ಮಾತ್ರ ಹೀಗೆ ಅಳೆದು ಸುರಿದು ಮಾಡಿದ್ದಲ್ಲ. ಆಗ ಅವರು ಮೇಜು ಕುರ್ಚಿ ಮಾಡುವ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಗೆಳೆಯನೊಬ್ಬ ಬಸ್ ಡ್ರೈವರ್, ರಜೆಯ ದಿನ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಿದ್ದವನು. ಅವನ ವಾದ್ಯ ವೇದಿಕೆಯಿಂದ ಬಿದ್ದು ಮುರಿದಾಗ, "ನೀನೇ ಒಂದು ಮಾಡಿಕೊಡೋ, ಮೇಜು ಮಾಡೋನಿಗೆ ಇದೇನು ಮಹಾ" ಎಂದು ಗಂಟುಬಿದ್ದ. ಹಳೆಯ ಮೇಜಿನ ಹಲಗೆಯಲ್ಲಿ ಮೇಸ್ತ್ರಿ ಅದನ್ನು ಮಾಡಿದರು.

ಗಿಟಾರಿನ ಕತ್ತನ್ನು ಅಡ್ಡ ತಂತಿ ಹೂಡಿ ಮನೆಗಳಾಗಿ ಭಾಗ ಮಾಡಿರುತ್ತಾರೆ. ಬಾರಿಸುವವನಿಗೆ ಮನೆಯ ಗುರುತು ಸಿಗಲೆಂದು, ಅವನ ಕಣ್ಣಿಗೆ ಮಾತ್ರ ಕಾಣುವ ಹಾಗೆ, ಕತ್ತಿನ ಅಂಚಿನಲ್ಲಿ ಪುಟ್ಟ ಚುಕ್ಕಿಗಳಿರುತ್ತವೆ. ಮೂರು, ಐದು, ಏಳು, ಒಂಬತ್ತು, ಹನ್ನೆರಡು. ಮೇಸ್ತ್ರಿ ಮುರಿದ ಬಿಳಿ ಬಾಚಣಿಗೆಯ ಚೂರುಗಳನ್ನು ಕೂರಿಸುತ್ತಿದ್ದರು. ಏಳಾದ ಮೇಲೆ ಅಕ್ಕ ಊಟಕ್ಕೆ ಕರೆದರು. ಓಗೊಟ್ಟು ಮತ್ತೆ ಎಣಿಸುವಷ್ಟರಲ್ಲಿ ಒಂದು ಮನೆ ಹಾರಿಹೋಯಿತು. ಒಂಬತ್ತರ ಚುಕ್ಕಿ ಹತ್ತರಲ್ಲಿ ಕೂತಿತು.

ಡ್ರೈವರ್ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ಬಿಚ್ಚಿ ಸರಿಮಾಡುತ್ತೇನೆಂದರೆ ಒಪ್ಪಲಿಲ್ಲ. "ಇರಲಿ ಬಿಡೋ. ಇದು ನಿಮ್ಮಕ್ಕನ ಚುಕ್ಕಿ. ನನ್ನ ಹಾಡು ಇನ್ಮೇಲೆ ಇಲ್ಲಿಂದಲೇ ಶುರು" ಎಂದ. ಹಾಗೆಯೇ ಮಾಡಿದ. ತಾನೇ ಕಟ್ಟಿದ ಪುಟ್ಟ ಧಾಟಿಯೊಂದನ್ನು ಪ್ರತಿಯೊಂದು ಕಾರ್ಯಕ್ರಮದ ಮೊದಲೂ ಬಾರಿಸುತ್ತಿದ್ದ. ಕಣ್ಣು ಆ ಚುಕ್ಕಿಯ ಮೇಲೆ, ಬೆರಳು ಹತ್ತನೆಯ ಮನೆಯಲ್ಲಿ. ಇಪ್ಪತ್ನಾಲ್ಕು ವರ್ಷ.

ಹೋದ ವರ್ಷ ಡ್ರೈವರಿಗೆ ಸ್ಟ್ರೋಕ್ ಆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತು ಬರೀ "ಹೂಂ" ಉಳಿಯಿತು. ಎಡಗೈ ಮಾತ್ರ ಗಟ್ಟಿಯಾಗಿತ್ತು. ಮೊದಲು ಮಾಡುತ್ತಿದ್ದುದನ್ನೆಲ್ಲ ಮತ್ತೆ ಮಾಡಿಸಿ ಎಂದು ವೈದ್ಯರು ಹೇಳಿದ್ದರಿಂದ ಅವನ ಹೆಂಡತಿ ಗಿಟಾರನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದರು. ಮೇಸ್ತ್ರಿ ಅವರನ್ನು ಅತ್ತಿಗೆ ಎಂದೇ ಕರೆಯುವುದು.

"ಸದ್ದು ಬರ್ತಿಲ್ಲ. ಅದೊಂದು ಸರಿಮಾಡಿಕೊಡು, ಸಾಕು. ಅವರು ಎಡಗೈಲಿ ಒತ್ತಿ ಹಿಡಿದರೆ ತಂತಿ ನಾನೇ ಮೀಟ್ತೀನಿ."

"ಅದೊಂದೇ ಯಾಕೆ ಅತ್ತಿಗೆ, ಹೊಸದರ ಹಾಗೆ ಮಾಡ್ಕೊಡ್ತೀನಿ."

"ಹೊಸದು ಬೇಡಪ್ಪ, ಬೇಗ ಬೇಕು."

ಸ್ಪೀಕರಿನ ವೈರು ಚುಚ್ಚುವ ಜಾಗದಲ್ಲಿ ತುಕ್ಕು ಹಿಡಿದಿತ್ತು. ಹತ್ತು ನಿಮಿಷದ ಕೆಲಸ. ಆದರೆ ಗಿಟಾರ್ ಮೇಜಿನ ಮೇಲೆ ಬಿದ್ದಿತ್ತು, ಕಿಟಕಿಯ ಬೆಳಕಿನಲ್ಲಿ ತನ್ನ ಸೊಟ್ಟ ಅಂಚು, ಒರಟು ಬಣ್ಣ, ಮನೆ ತಪ್ಪಿದ ಚುಕ್ಕಿ ಎಲ್ಲವನ್ನೂ ತೋರಿಸುತ್ತ. ಆಮೇಲೆ ಇನ್ನೂ ಅರವತ್ತು ಗಿಟಾರ್ ಮಾಡಿದ ಕೈಗೆ ಮೊದಲನೆಯದನ್ನು ನೋಡಿ ನಾಚಿಕೆಯಾಯಿತು. ಗೆಳೆಯನಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಇನ್ನೇನು ಎಂದು ತಮಗೆ ತಾವೇ ಹೇಳಿಕೊಂಡರು. ಕತ್ತಿನ ಮೇಲೆ ಅಡ್ಡತಂತಿ, ಚುಕ್ಕಿಗಳನ್ನು ಹೊತ್ತಿದ್ದ ಹಳೆಯ ಮರದ ಪಟ್ಟಿಯನ್ನು ಕಾಯಿಸಿ ಎಬ್ಬಿಸಿದರು. ಅದು ಸೀಳಿತು, ಒಲೆಗೆ ಹೋಯಿತು. ಹೊಸ ಪಟ್ಟಿ, ಹೊಸ ಅಡ್ಡತಂತಿ, ಕನ್ನಡಿಯಂಥ ಮೆರುಗು. ಒಂಬತ್ತರ ಚುಕ್ಕಿ ಒಂಬತ್ತರಲ್ಲಿ. ಹನ್ನೊಂದು ದಿನ ಹಿಡಿಯಿತು.

ಡ್ರೈವರನ ಮನೆಯಲ್ಲಿ ಅಂದು ಕುರ್ಚಿಯನ್ನು ನಡುಮನೆಗೆ ಎಳೆದಿದ್ದರು. ಗಿಟಾರನ್ನು ತೊಡೆಯ ಮೇಲಿಟ್ಟಾಗ ಅವನ ಮುಖ ಅರಳಿತು. ಎಡಗೈ ತಾನಾಗಿಯೇ ಕತ್ತನ್ನು ಹುಡುಕಿಕೊಂಡು ಹೋಯಿತು. ತಲೆ ಬಗ್ಗಿಸಿ ಚುಕ್ಕಿ ನೋಡಿದ, ಬೆರಳಿಟ್ಟ, ಹೆಂಡತಿ ಮೀಟಿದರು. ಸ್ವರ ತಪ್ಪಿತ್ತು. ಡ್ರೈವರ್ ಹುಬ್ಬು ಗಂಟಿಕ್ಕಿ ಬೆರಳೆತ್ತಿದ, ಮತ್ತೆ ಚುಕ್ಕಿ ನೋಡಿದ, ಮತ್ತೆ ಅಲ್ಲಿಯೇ ಇಟ್ಟ. ಮತ್ತೆ ತಪ್ಪು. ಮೂರನೆಯ ಸಲವೂ ಅದೇ ತಪ್ಪು.

"ಕೈ ಮರೆತುಬಿಟ್ಟಿದೆ ಪಾಪ" ಎಂದರು ಹೆಂಡತಿ. "ಇದೊಂದಾದ್ರೂ ಉಳ್ಕೊಂಡಿರುತ್ತೆ ಅಂದ್ಕೊಂಡಿದ್ದೆ."

ಮೇಸ್ತ್ರಿಗೆ ಆ ಕ್ಷಣದಲ್ಲಿಯೇ ತಿಳಿದಿತ್ತು. ಮರೆತದ್ದು ಕೈಯಲ್ಲ, ತಾವು. ಒಂದು ಮಾತು ಆಡಿದ್ದರೆ ಸಾಕಿತ್ತು: ಒಂದು ಮನೆ ಮುಂದೆ ಇಡೋ. ಆದರೆ ಅತ್ತಿಗೆ ಬೇಡವೆಂದದ್ದನ್ನು ಮಾಡಿದ್ದರು. ಹೊಳೆಯುವ ವಾದ್ಯದ ಎದುರು ಅದನ್ನು ಒಪ್ಪಿಕೊಳ್ಳಬೇಕಾಗುತ್ತಿತ್ತು. "ನಿಧಾನಕ್ಕೆ ಬರುತ್ತೆ ಬಿಡಿ" ಎಂದು ಎದ್ದರು. ಡ್ರೈವರ್ ಎಡಗೈಯಿಂದ ಗಿಟಾರನ್ನು ಮೆಲ್ಲಗೆ ತಳ್ಳಿ, ಆ ಕೈಯನ್ನೇ ದಿಟ್ಟಿಸುತ್ತ ಕೂತ.

ಇದಾಗಿ ಐದು ವಾರ ಕಳೆಯಿತು. ಮೇಸ್ತ್ರಿ ದಿನಾ ಆ ಮನೆಗೆ ಹೋದರು. ಬಸ್ಸಿನ ವಿಷಯ, ಸಕ್ಕರೆ ಕಾಯಿಲೆಯ ವಿಷಯ, ಪಕ್ಕದ ಮನೆಯ ನಾಯಿಯ ವಿಷಯ ಮಾತಾಡಿದರು. ಮನೆಯಲ್ಲಿ ಹಿಡಿದ ಕೆಲಸ ಮುಂದೆ ಸಾಗಲಿಲ್ಲ. ಒಂದು ಬೆಳಿಗ್ಗೆ ಅಕ್ಕ ಲೋಟ ಕುಕ್ಕಿ, "ಏನು ಮಾಡ್ಕೊಂಡಿದ್ದೀಯ ಹೇಳು" ಎಂದಾಗ ಎಲ್ಲ ಹೊರಬಂತು.

ಅಕ್ಕ ತುಳುಕಿದ ಚಹಾ ಒರೆಸಿದರು. ಆಮೇಲೆ, "ಅದು ನನ್ನ ಚುಕ್ಕಿ ಕಣೋ. ಕೀಳೋ ಮುಂಚೆ ನನ್ನನ್ನಾದ್ರೂ ಕೇಳಬಾರದಿತ್ತಾ?" ಎಂದರು. ನಗುತ್ತ ಹೇಳಲು ಹೋಗಿ ಅವರಿಂದ ಆಗಲಿಲ್ಲ. "ಈಗಲೇ ಹೋಗು. ಚಪ್ಪಲಿ ಹಾಕ್ಕೋ."

ಮೇಸ್ತ್ರಿ ಗೆಳೆಯನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಹೇಳಿದರು. "ನಿನ್ನ ಕೈ ಏನೂ ಮರೆತಿಲ್ಲ ಕಣೋ. ನಾನೇ ಚುಕ್ಕಿ ಒಂಬತ್ತಕ್ಕೆ ಸರಿಸಿಬಿಟ್ಟೆ. ನೀನು ಇಟ್ಟಿದ್ದು ಸರಿಯಾಗೇ ಇತ್ತು. ಆವತ್ತೇ ಗೊತ್ತಾಯ್ತು. ಹೇಳಲಿಲ್ಲ."

ಡ್ರೈವರ್ ಅವರ ಮುಖ ನೋಡಿದ. "ಹೂಂ" ಎಂದ. ಅರ್ಥವಾಯಿತೋ, ಕ್ಷಮಿಸಿದನೋ, ಸುಮ್ಮನೆ ಬಂದ ಸದ್ದೋ ತಿಳಿಯಲಿಲ್ಲ. ಹೆಂಡತಿ ಓಡಿಹೋಗಿ ಗಿಟಾರ್ ತಂದರು. "ಒಂದು ಮನೆ ಮುಂದೆ ಇಡಿ, ಅಷ್ಟೇ. ನೋಡೋಣ." ಡ್ರೈವರ್ ಎಡಗೈಯನ್ನು ಶಾಲಿನೊಳಗೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದ.

ಬಾಗಿಲಾಚೆ ಬಂದ ಮೇಲೆ ಅತ್ತಿಗೆ ದನಿ ತಗ್ಗಿಸಿ ಕೇಳಿದರು. "ಆವತ್ತೇ ಹೇಳಿದ್ರೆ ಏನಾಗ್ತಿತ್ತು? ಅಂದಿನಿಂದ ಆ ಕೈಯಲ್ಲಿ ಚಮಚಾನೂ ಹಿಡಿಯಲ್ಲ. ನಾನೇ ಉಣಿಸಬೇಕು."

ಮೇಸ್ತ್ರಿ ತಲೆಯೆತ್ತಲಿಲ್ಲ. "ಹಳೇ ಥರಾನೇ ಇನ್ನೊಂದು ಪಟ್ಟಿ ಮಾಡ್ತೀನಿ ಅತ್ತಿಗೆ. ಬಾಚಣಿಗೆ ಚೂರೇ ಹಾಕ್ತೀನಿ, ಹತ್ತರಲ್ಲೇ. ನಾಳೆಯಿಂದ ದಿನಾ ಊಟದ ಹೊತ್ತಿಗೇ ಬಂದು ಅವನ ಪಕ್ಕ ಕೂತ್ಕೋತೀನಿ, ಅವನು ಬೇಡ ಅಂದ್ರೂ ಸರಿ, ಮೊದಲು ಚಮಚ ಹಿಡಿಸೋಣ, ಆಮೇಲೆ ಒಂದಿನ ಅವನೇ ಕೈ ಹೊರಗೆ ತೆಗೆದು…" ಎನ್ನುತ್ತಲೇ ಗೇಟು ದಾಟಿದ ಅವರು, ಬೆನ್ನ ಹಿಂದೆ ಅತ್ತಿಗೆ ಇನ್ನೂ ಕೇಳಿಸಿಕೊಳ್ಳುತ್ತ ನಿಂತಿರುವಾಗಲೇ, ಬೀದಿಗಿಳಿದು ನಡೆದುಬಿಟ್ಟರು.