ಬಿಗಿಯಾಗಿ ಕಟ್ಟಿದ ಕಸಿ

ನಾಯಿಯ ಮಂಡಿಯನ್ನು ಪೂರ್ತಿ ಬಿಡಿಸಿ ತೆಗೆದು, ಅದೇ ಜಾಗದಲ್ಲಿ ಮತ್ತೆ ಕೂರಿಸಿ, ಕೂದಲಿಗಿಂತ ಸಣ್ಣ ದಾರದಲ್ಲಿ ರಕ್ತನಾಳ ಹೊಲಿಯುತ್ತಿದ್ದರು ನಮ್ಮ ಡಾಕ್ಟರು. ರಕ್ತ ಹರಿದರೆ ಕೀಲು ಬದುಕುತ್ತದೆ, ಮುಂದೆ ಮನುಷ್ಯರ ಮಂಡಿಗೂ ದಾರಿಯಾಗುತ್ತದೆ ಎಂಬುದು ಅವರ ಆಸೆ. ಎಪ್ಪತ್ತರ ದಶಕದ ಕೊನೆ. ತುಮಕೂರಿನ ಆ ಪ್ರಯೋಗಾಲಯದಲ್ಲಿ ನಾಯಿಗಳಿಗೆ ಅನ್ನ ಹಾಕಿ, ಗಾಯಕ್ಕೆ ಪಟ್ಟಿ ಕಟ್ಟುವ ಕೆಲಸ ನನ್ನದು.

ಮೊದಲೆರಡು ನಾಯಿಗಳಲ್ಲಿ ರಕ್ತ ಹೆಪ್ಪುಗಟ್ಟಿ ಕೀಲು ಸತ್ತಿತು. ಅವಕ್ಕೆ ಕೊನೆಯ ಇಂಜೆಕ್ಷನ್ ಕೊಟ್ಟರು. ಮೂರನೆಯದು ಕಂದು ಬಣ್ಣದ್ದು, ನನ್ನ ಸೆರಗು ಕಂಡರೆ ಸಾಕು ಬಾಲ ಆಡಿಸುತ್ತಿತ್ತು. ಇದನ್ನು ಉಳಿಸಿಕೊಳ್ಳಲೇಬೇಕೆಂದು ನನಗೆ ಹಟ.

ಆಪರೇಷನ್ನಿನ ಮಾರನೇ ಬೆಳಿಗ್ಗೆ ಡಾಕ್ಟರು, "ಕಸಿ ಮಾಡಿರೋ ಜಾಗ, ಜೋಪಾನವಾಗಿ ಕಟ್ಟಮ್ಮ" ಎಂದರು. ಕಸಿ ಎಂದರೆ ನನಗೆ ಹೇಳಿಕೊಡಬೇಕೆ? ಗುಬ್ಬಿ ಕಡೆಯ ತೋಟಗಳಲ್ಲಿ ಮಾವಿಗೆ ಕಸಿ ಕಟ್ಟುವವನ ಮಗಳು ನಾನು. "ಗಾಳಿ ಆಡ್ದಂಗೆ ಬಿಗೀಬೇಕು ಕಣವ್ವ, ಸಡಿಲ ಆದ್ರೆ ಒಣಗೋಯ್ತದೆ" ಎನ್ನುತ್ತಿದ್ದ ಅಪ್ಪ. ಹಲ್ಲು ಕಚ್ಚಿ ಬಿಗಿದೆ.

ಸ್ವಲ್ಪ ಹೊತ್ತಿಗೆ ಡಾಕ್ಟರು ಬಂದರು. ರಕ್ತ ಬರುತ್ತಿದೆಯೇ ಎಂದು ನೋಡಲು ಪಟ್ಟಿಯ ನಡುವೆ ಬಿಟ್ಟಿದ್ದ ಕಾಸಿನಗಲದ ಚರ್ಮ ಸುಣ್ಣದಂತೆ ಬೆಳ್ಳಗಾಗಿತ್ತು.

"ಇದೂ ಹೋಯ್ತು. ನನ್ನ ಹೊಲಿಗೇನೇ ಸರಿಯಿಲ್ಲ ಕಣಮ್ಮ. ಇನ್ನು ಈ ಕೆಲಸಾನೇ ನಿಲ್ಲಿಸ್ಬಿಡ್ತೀನಿ" ಎಂದು ಸಿರಿಂಜಿಗೆ ಕೈ ಹಾಕಿದರು.

ನನಗೆ ಮೂಗಿನ ತುದಿಯಲ್ಲೇ ಕೋಪ. ತಪ್ಪು ಒಪ್ಪಿಕೊಂಡ ಅಭ್ಯಾಸವಿಲ್ಲ. ನಾಯಿ ನನ್ನನ್ನೇ ನೋಡುತ್ತಿತ್ತು. ಸಿರಿಂಜಿಗೆ ಅಡ್ಡ ಕೈ ಚಾಚಿದೆ.

"ಹೊಲಿಗೆ ಸರಿಯಾಗೇ ಐತೆ ಸಾರ್. ಕಟ್ಟಿದ್ದು ನಾನು. ಮಾವಿನ ಗಿಡಕ್ಕೆ ಕಟ್ದಂಗೆ ಕಟ್ಬುಟ್ಟೆ."

ಬೈಯುತ್ತಾರೆಂದುಕೊಂಡೆ. "ಬಿಚ್ಚು" ಎಂದರು, ಅಷ್ಟೇ.

ಬಿಚ್ಚಿದೆ. ಇಬ್ಬರೂ ಕಾದೆವು. ಎಷ್ಟೋ ಹೊತ್ತಿನ ಮೇಲೆ ಡಾಕ್ಟರು ಆ ಚರ್ಮವನ್ನು ಒತ್ತಿ ಬೆರಳು ತೆಗೆದರು. ಅಂಚಿನಿಂದ ನಿಧಾನವಾಗಿ ನಸುಗೆಂಪು ತುಂಬಿಕೊಂಡಿತು. ಮತ್ತೆ ಒತ್ತಿದರು, ಮತ್ತೆ ತುಂಬಿತು.

"ಬಂತು ಕಣಮ್ಮ" ಎಂದವರೇ ನೆಲದ ಮೇಲೆ ಕೂತುಬಿಟ್ಟರು. ನಾನು ನಾಚಿಕೆ ಬಿಟ್ಟು ಅತ್ತೆ. ಅಷ್ಟು ಖುಷಿ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಕೆಲವು ತಿಂಗಳು ಕಳೆದ ಮೇಲೆ ಒಂದು ದಿನ, ಒಗೆದು ಒಣಹಾಕಿದ್ದ ಪಟ್ಟಿಯನ್ನು ಕಚ್ಚಿಕೊಂಡು ಆ ಕಂದು ನಾಯಿ ಅಂಗಳದಲ್ಲಿ ಓಟ ಕಿತ್ತಿತು. ನಾನು ಬೈಯುತ್ತ ಬೆನ್ನಟ್ಟಿದೆ. ನಾಲ್ಕೂ ಕಾಲು ಊರಿ ಓಡುತ್ತಿತ್ತು. ನನ್ನ ಕೈಗೆ ಸಿಗಲಿಲ್ಲ.