ಅಪ್ಪಯ್ಯನ ಪಾಲಿನ ಮೀನು

ಸುಗಂಧಿ, ಬದುಕಿದ್ದ ನನ್ನ ಅಪ್ಪಯ್ಯನನ್ನು ನಾನು ವೇದಿಕೆಯ ಮೇಲೆ ಸಾಯಿಸಿದೆ — ನಿನ್ನ ಅಪ್ಪಯ್ಯನ ಸಾವನ್ನು ಕದ್ದು. ಇಷ್ಟು ಒಪ್ಪಿಕೊಳ್ಳಲು ಆರು ವರ್ಷ ಬೇಕಾಯಿತು.

ಕುಂದಾಪುರದ ಆ ಜಪಾನಿ ತರಗತಿಯಲ್ಲಿ ಅಂದು ಕಲಿತದ್ದು ‘ತಮರನಾಯ್’. ದುಃಖವೋ ಆಸೆಯೋ ತಡೆಯಲಾರದಷ್ಟಾದಾಗ ವಾಕ್ಯದ ಕೊನೆಗೆ ಸೇರಿಸುವ ಮಾತು. ನಿಮ್ಮದೇ ಬದುಕಿನಿಂದ ಒಂದು ವಾಕ್ಯ ಬರೆಯಿರಿ ಎಂದರು ಮೇಡಂ. ನಾನು ಹಸಿವು, ಸೆಕೆ ಅಂತ ಏನೋ ಗೀಚಿದೆ. ನೀನು ಬರೆದದ್ದು — ಕಡಲಿಗೆ ಹೋದ ಅಪ್ಪಯ್ಯ ಬಾರದೆ ಎರಡು ವರ್ಷವಾದರೂ ಬೋಟಿನವರು ಅವರ ಪಾಲಿನ ಮೀನನ್ನು ಗಂಗೊಳ್ಳಿಯ ನಿಮ್ಮ ಜಗಲಿಯಲ್ಲಿ ಇಟ್ಟುಹೋಗುತ್ತಾರೆ. ಅದನ್ನು ಕಂಡಾಗ ದುಃಖ ತಡೆಯಲಾಗುವುದಿಲ್ಲ. ಸರಿಯಿದೆಯಾ ನೋಡು ಎಂದು ಪುಸ್ತಕವನ್ನು ನನ್ನ ಕೈಗೇ ಕೊಟ್ಟೆ.

ಭಾಷಣ ಸ್ಪರ್ಧೆಯಲ್ಲಿ ಗೆದ್ದ ಒಬ್ಬರಿಗೆ ಜಪಾನಿನಲ್ಲಿ ಒಂದು ತಿಂಗಳ ಕಲಿಕೆ. ಚೀಟಿ ಎತ್ತಿದಾಗ ನನ್ನ ಸರದಿ ಮೊದಲು ಬಂತು. ಒಳನಾಡಿನ ವಂಡ್ಸೆಯವನು ನಾನು, ಬೋಟು ಹತ್ತಿದವನೇ ಅಲ್ಲ — ನಿನ್ನ ಜಗಲಿ, ನಿನ್ನ ಮೀನು, ಎಲ್ಲ ನನ್ನದೆಂದು ಹೇಳಿದೆ. ಕರುಣೆ ಹೆಚ್ಚಲೆಂದು, ಅಪ್ಪಯ್ಯ ಕಡಲಿಗೆ ಹೋದ ದಿನಕ್ಕೆ ಆಷಾಢದ ಜಡಿಮಳೆಯನ್ನೂ ಸೇರಿಸಿದೆ. ಹೊರಗಿನಿಂದ ಬಂದ ತೀರ್ಪುಗಾರರು ಕಣ್ಣೊರೆಸಿಕೊಂಡರು. ಆಮೇಲೆ ನೀನು ಅದೇ ಮೀನಿನ ಮಾತು ತೆಗೆದಾಗ, ನನ್ನದನ್ನು ನಕಲು ಮಾಡಿದೆಯೆಂದು ಹಿಂದಿನ ಬೆಂಚು ನಕ್ಕಿತು. ನೀನು ಅರ್ಧಕ್ಕೇ ವೇದಿಕೆ ಇಳಿದೆ.

ಹೊರಗೆ, ನೀನು ಬಾಯಿ ತೆರೆಯುವ ಮೊದಲೇ ನಾನು ವಾದಕ್ಕೆ ನಿಂತೆ — ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನಲ್ಲವೇ. "ಕದ್ದದ್ದ್ ಅಂಬುಕೆ ಪುರಾವೆ ಎಂತ ಇತ್?"

"ಆಸಾಡಿಯಂಗೆ ಯಾವ್ ಬೋಟ್ ಕಡ್ಲಿಗ್ ಹೋತ್ ಮಾರಾಯಾ? ಕದ್ರೂ ಸಮಾ ಕದೀಕಲ್ದಾ?"

"ಅದನ್ನ್ ತೀರ್ಪುಗಾರ್ರ್ ಕೇಳ್ಲಿಲ್ಲ ಅಲ್ದಾ?"

ಹೌದು, ಹಾಗೇ ಅಂದೆ.

ನೀನು ಮತ್ತೆ ತರಗತಿಗೆ ಬರಲಿಲ್ಲ. ನಾನು ಜಪಾನಿಗೆ ಹೋದೆ. ಉಳಿದುಕೊಂಡ ಮನೆಯ ಅಜ್ಜಿ ನನ್ನ ಭಾಷಣ ಓದಿದ್ದರು; ನನ್ನ ಅಪ್ಪಯ್ಯನ ಹೆಸರು ಕೇಳಿ, ಊದುಬತ್ತಿ ಹಚ್ಚಿ ಕೈಮುಗಿದರು. ಪಕ್ಕದಲ್ಲಿ ನಾನೂ ಮುಗಿದೆ. ಅದೇ ಸಂಜೆ ಅಪ್ಪಯ್ಯ ಫೋನಿನಲ್ಲಿ, "ಊಟ ಆಯ್ತಾ ಮಗಾ?" ಎಂದರು —

ಕಳೆದ ವಾರ ಅವರಿಗೆ ಎಲ್ಲ ಹೇಳಿದೆ. ತಮ್ಮನ್ನು ಸಾಯಿಸಿದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ. "ಆ ಹೆಣ್ಣ್ ಈಗ ಎಲ್ಲಿತ್?" ಎಂದರು. ನನಗೆ ಗೊತ್ತಿರಲಿಲ್ಲ. ಆರು ವರ್ಷದಲ್ಲಿ ಒಮ್ಮೆಯೂ ವಿಚಾರಿಸಿರಲಿಲ್ಲ. ಈಗ ವಿಚಾರಿಸಿದೆ — ನೀನು ಅದೇ ಮನೆಯಲ್ಲಿದ್ದೀಯಂತೆ.

ಈ ಪತ್ರದ ಒಂದು ಪ್ರತಿ ಮೇಡಂಗೆ, ಇನ್ನೊಂದು ಪ್ರಶಸ್ತಿಪತ್ರದ ಸಮೇತ ಸ್ಪರ್ಧೆ ನಡೆಸಿದವರಿಗೆ. ನಿನ್ನದನ್ನು ಗಂಗೊಳ್ಳಿಗೆ ನಾನೇ ತರುತ್ತೇನೆ. ಜಗಲಿ ಹತ್ತುವುದಿಲ್ಲ, ಅಂಗಳದಲ್ಲೇ ನಿಲ್ಲುತ್ತೇನೆ. ನೀನು ಏನೇ ಅನ್ನು — ಈ ಸಲ ನನ್ನಲ್ಲಿ ಎದುರುಮಾತಿಲ್ಲ.