ಅಲ್ ಶಮಾಲ್‌ನ ಕಡಲಕರು

ಕಳೆದ ಚಳಿಗಾಲದ ಒಂದು ಶುಕ್ರವಾರ. ನಮ್ಮದು ಮುದ್ದೇಬಿಹಾಳದ ಕಡೆಯ ಊರು. ಪತಿಗೆ ಕತಾರ್‌ನ ಗ್ಯಾಸ್ ಕಂಪನಿಯಲ್ಲಿ ಕೆಲಸವಾದ್ದರಿಂದ ಈಗ ಅಲ್ ವಕ್ರಾದಲ್ಲಿದ್ದೇವೆ. ಅಂದು ಮಗಳು ಸಿಂಚನಾಳ ಹಟಕ್ಕೆ ಮಣಿದು ದೇಶದ ಉತ್ತರ ತುದಿಯ ಅಲ್ ಶಮಾಲ್‌ಗೆ ಹೋದೆವು. ಅದೊಂದು ಸಣ್ಣ ಹಳ್ಳಿಗಾಡಿನ ಪ್ರದೇಶ. ಮೀನುಗಾರರ ದೋಣಿಗಳು, ಮಸೀದಿ, ತೀರಾ ಚಪ್ಪಟೆ ನೆಲ. ನೆಲ ಎಲ್ಲಿ ಮುಗಿದು ಕಡಲು ಎಲ್ಲಿ ಶುರುವಾಗುತ್ತದೆಂದೇ ತಿಳಿಯದು.

ನಾವು ತಲುಪಿದಾಗ ಇಳಿತದ ಸಮಯ. ನೀರು ಬಹಳ ದೂರ ಸರಿದುಬಿಟ್ಟಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು ಹಸಿ ಮರಳಿನ ಮೇಲೆ ನಡೆಯುತ್ತಿದ್ದೆವು. ಮುಂದೆ ಓಡಿದ್ದ ಸಿಂಚನಾ ಕಿರುಚಿದಳು, "ಮಮ್ಮಿ, ಅಲ್ಲಿ ಯಾರೋ ಬಿದ್ದಾರ!"

ಓಡಿ ನೋಡಿದರೆ ಮನುಷ್ಯರಲ್ಲ. ಪಾದ ಮುಳುಗುವಷ್ಟೇ ನೀರಿದ್ದ ಹೊಂಡದಲ್ಲಿ ಎಮ್ಮೆಗರುವಿನಷ್ಟು ದೊಡ್ಡದೊಂದು ಪ್ರಾಣಿ! ಮೀನಿನಂಥ ಬಾಲ, ದಪ್ಪ ತುಟಿ, ಪುಟ್ಟ ಕಣ್ಣು. ಬೆನ್ನು ಬಿಸಿಲಿಗೆ ಒಣಗುತ್ತಿತ್ತು. ಆಗೊಮ್ಮೆ ಈಗೊಮ್ಮೆ ಫುಸ್ಸೆಂದು ಉಸಿರು ಬಿಡುತ್ತಿತ್ತು.

"ಮುಟ್ಟಬ್ಯಾಡ್ರಿ, ಏನೈತೋ ಏನೋ!" ಎನ್ನುತ್ತಲೇ ಪತಿ ದಡದ ಕಡೆ ಕೈ ಬೀಸಿ ಕೂಗಿದರು. ಬಲೆ ಒಣಹಾಕುತ್ತಿದ್ದ ಒಬ್ಬ ಕತಾರಿ ಅಜ್ಜ, ತನ್ನ ಬಂಗಾಳಿ ಸಂಗಾತಿಯ ಜೊತೆ ಓಡಿಬಂದ.

"ಸಮುಂದರ್ ಕಾ ಗಾಯ್! ಬೇಬಿ!" ಎಂದು ಹರಕು ಹಿಂದಿಯಲ್ಲಿ ಹೇಳಿದ ಅಜ್ಜ ದೂರದ ನೀರಿನತ್ತ ಬೆರಳು ಮಾಡಿದ. "ಮಾ ಉಧರ್." ಅಲ್ಲಿ ತಾಯಿಯ ಮೂತಿ ಮೇಲೆದ್ದು ಮುಳುಗಿತು. ಕಡಲಹಸುವಿನ ಕರು ಅದು! ಉಬ್ಬರ ಬರುವವರೆಗೆ ಬಿಸಿಲಿನಲ್ಲಿ ಉಳಿಯಲಾರದು. ಅಜ್ಜ ಕರಾವಳಿ ಕಾವಲಿನವರಿಗೆ ಫೋನ್ ಮಾಡಿದ. ಬರಲು ಹೊತ್ತಾಗುತ್ತದೆ ಎಂದರಂತೆ.

"ಯಲ್ಲಾ, ಪಾನಿ ಡಾಲೋ!" ಎಂದು ಅಜ್ಜ ಬೇಗ ನೀರು ಹಾಕಲು ಅವಸರಿಸಿದ.

ಕೂರಲು ತಂದಿದ್ದ ಬೆಡ್‌ಶೀಟ್ ನೆನೆಸಿ ಮೂಗು ಬಿಟ್ಟು ಬೆನ್ನಿಗೆ ಹೊದಿಸಿದೆ. ಸಿಂಚನಾ ಚಪಾತಿ ಡಬ್ಬಿ ಖಾಲಿ ಮಾಡಿ ನೀರು ಸುರಿಯತೊಡಗಿದಳು. ಆಮೇಲೆ ಅದೇ ಬೆಡ್‌ಶೀಟನ್ನು ಹೊಟ್ಟೆಯಡಿ ತೂರಿಸಿ ದೊಡ್ಡವರು ನಾಲ್ವರೂ ಒಂದೊಂದು ಮೂಲೆ ಹಿಡಿದು ಎತ್ತಿದೆವು. ಎಷ್ಟು ಭಾರ! ಕೆಸರಿನಲ್ಲಿ ಕಾಲು ಹೂತುಹೋಗುತ್ತಿತ್ತು. ಕರು ಬಾಲ ಬೀಸಿದ ಹೊಡೆತಕ್ಕೆ ಪತಿ ಕೆಸರಿನಲ್ಲಿ ಕುಳಿತುಬಿಟ್ಟರು. ಆದರೂ ಹಿಡಿದ ಮೂಲೆ ಬಿಡಲಿಲ್ಲ. "ನಗಬ್ಯಾಡ್ರಿ, ನಡೀರಿ!" ಎಂದು ಎದ್ದರು. ನಡುವೆ ಬೆಡ್‌ಶೀಟ್ ಪರ್ರೆಂದಿತು. "ಸಿಸ್ಟರ್, ಮತ್ ಛೋಡೋ!" ಬಿಡಬೇಡ ಎಂದು ಬಂಗಾಳಿ ಅಣ್ಣ ಕೂಗಿದ.

ನನಗೆ ಈಜು ಬಾರದು. ಆದರೂ ಸೊಂಟದವರೆಗಿನ ನೀರಿಗೆ ಇಳಿದದ್ದು ಗೊತ್ತೇ ಆಗಲಿಲ್ಲ. ಬೆಡ್‌ಶೀಟ್ ಸಡಿಲಿಸಿದೆವು. ಕರು ಅಲುಗಾಡಲಿಲ್ಲ. ಅಜ್ಜ ಅದರ ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ತಳ್ಳಿದ. ಸರಕ್ಕನೆ ಬಾಲ ಬೀಸಿ ಮಾಯವಾಯಿತು! ಸ್ವಲ್ಪ ಹೊತ್ತಿನಲ್ಲೇ ದೂರದಲ್ಲಿ ಎರಡು ಮೂತಿಗಳು ಅಕ್ಕಪಕ್ಕ ಮೇಲೆದ್ದವು. ಅಜ್ಜ "ಅಲ್ಹಮ್ದುಲಿಲ್ಲಾ!" ಎಂದ. ನಾನು "ಹೋತು, ಹೋತು!" ಎಂದು ಕುಣಿದೆ.

ಸಂಜೆ ಊರಿಗೆ ಫೋನ್ ಮಾಡಿದಾಗ ಅವ್ವನಿಗೆ ನಂಬಿಕೆಯೇ ಬರಲಿಲ್ಲ.

"ಕಡಲಾಗೂ ಆಕಳ ಇರ್ತಾವೇನವಾ? ಕರು ತಾಯೀನ ಕೂಡಿತಿಲ್ಲೋ?"

"ಕೂಡಿತವ್ವ. ಎರಡೂ ಕೂಡೇ ಹೋದವು."

ನೀರಿನಲ್ಲಿ ಕೈಯ ಭಾರ ತಟ್ಟನೆ ಹಗುರಾದ ಆ ಗಳಿಗೆ ನೆನಪಾದರೆ, ಇಂದಿಗೂ ಒಲೆ ಮುಂದೆ ನಿಂತಲ್ಲೇ ನಗು ಬಂದುಬಿಡುತ್ತದೆ.